‘ಸದಾ ಆನ್’ ಎಂಬ ಅಡ್ಡದಾರಿ

ಊರಿನ ಮನೆಯಲ್ಲಿ ಫ್ರಿಜ್ಜಿನ ಪಕ್ಕ ಇರುತ್ತಿದ್ದ ಸ್ಟೆಬಿಲೈಜರ್ ನಮಗೆಲ್ಲ ನೆನಪಿದೆ. ಟಿಲ್‌ಬರ್ಗಿನ ಮನೆಗಳಿಗೆ ಅದು ಬೇಕಿಲ್ಲ. ಆದರೆ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೆ ಅದೇ ಕೆಲಸ ಮಾಡುವ ಪುಟ್ಟ ವೋಲ್ಟೇಜ್ ರೆಗ್ಯುಲೇಟರ್‌ಗಳು ಹಲವಾರಿವೆ.

ಯಾವ ಭಾಗಕ್ಕೆ ಯಾವ ರೆಗ್ಯುಲೇಟರಿನಿಂದ ವಿದ್ಯುತ್ತು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬುದನ್ನು ಲಿನಕ್ಸ್ ಕರ್ನಲ್ ‘ಡಿವೈಸ್ ಟ್ರೀ’ ಎಂಬ ವಿವರಣೆಯಿಂದ ತಿಳಿಯುತ್ತದೆ. ಅಲ್ಲಿ 1.8 ವೋಲ್ಟ್ ಎಂದರೆ 18,00,000 ಮೈಕ್ರೋವೋಲ್ಟ್. ಗರಿಷ್ಠ ಮಿತಿ ತಪ್ಪಿದರೆ ಚಿಪ್ ಸುಟ್ಟುಹೋಗಬಹುದು.

ನನ್ನ ಆಕ್ಷೇಪ ಒಂದು ಅಭ್ಯಾಸದ ಬಗ್ಗೆ. ವಿದ್ಯುತ್ತಿನ ಮೂಲವನ್ನು ಹುಡುಕಿ ನಮೂದಿಸುವ ಬದಲು ಕೆಲವರು ‘ರೆಗ್ಯುಲೇಟರ್-ಆಲ್ವೇಸ್-ಆನ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಸಾಧನವೇನೋ ನಡೆಯುತ್ತದೆ, ಆದರೆ ಕರ್ನಲ್ ಆ ರೆಗ್ಯುಲೇಟರನ್ನು ಎಂದೂ ಆಫ್ ಮಾಡುವುದಿಲ್ಲ, ಬ್ಯಾಟರಿ ವೃಥಾ ಕರಗುತ್ತದೆ. ಮೆಮೊರಿಯಂಥ ಭಾಗಗಳಿಗೆ ಅದು ಅಗತ್ಯವಿರಬಹುದು; ಕಾರಣವಿಲ್ಲದೆಡೆ ಅದು ಸೋಮಾರಿತನ.

ನೆರೆಯ ಐಂಡ್‌ಹೋವನ್‌ನ ಚಿಪ್ ಉದ್ಯಮದಲ್ಲಿ ದುಡಿಯುವ ಸದಸ್ಯರಲ್ಲಿ ವಿನಂತಿ: ಬೋರ್ಡಿನ ನಕ್ಷೆಯನ್ನು ನೋಡಿ, ಇರುವುದನ್ನು ಇರುವಂತೆಯೇ ಬರೆಯಿರಿ. ಡ್ರೈವರ್ ನಾಳೆ ಬದಲಾದೀತು. ಬೋರ್ಡಿನ ತಂತಿ ಬದಲಾಗದು.