ಪ್ರಶಸ್ತಿ ಬಂದ ಚಿತ್ರಕಥೆಯನ್ನು ಎಲ್ಲಿ ಓದುವುದು?

ಕರ್ನಾಟಕ ಸರ್ಕಾರ ತಡವಾಗಿಯಾದರೂ ರಾಜ್ಯ ಚಲನಚಿತ್ರ ಪ್ರಶಸ್ತಿಗಳನ್ನು ಕೊಡುತ್ತದೆ. ಆ ಪಟ್ಟಿಯಲ್ಲಿ ಅತ್ಯುತ್ತಮ ಕಥೆ, ಅತ್ಯುತ್ತಮ ಚಿತ್ರಕಥೆ, ಅತ್ಯುತ್ತಮ ಸಂಭಾಷಣೆ ಎಂದು ಬೇರೆ ಬೇರೆ ಪ್ರಶಸ್ತಿಗಳಿವೆ. ಕಾದಂಬರಿಯೊಂದಕ್ಕೆ ಬಹುಮಾನ ಬಂದರೆ ಮರುದಿನವೇ ನಾಲ್ಕು ಜನ ಪುಸ್ತಕದಂಗಡಿಗೆ ಹೋಗಿ ಕೇಳುತ್ತಾರೆ. ಓದಿ, ತೀರ್ಪುಗಾರರಿಗೆ ತಲೆ ಕೆಟ್ಟಿದೆ ಎಂದು ಬೈಯುವ ಹಕ್ಕಾದರೂ ಓದುಗನಿಗಿದೆ. ಚಿತ್ರಕಥೆಯ ವಿಷಯದಲ್ಲಿ ಅದೂ ಇಲ್ಲ. ಪ್ರಶಸ್ತಿ ಸಾರ್ವಜನಿಕ, ಹಣ ಸಾರ್ವಜನಿಕ, ಸಮಾರಂಭ ಸಾರ್ವಜನಿಕ. ಪ್ರಶಸ್ತಿ ಬಂದ ಬರಹ ಮಾತ್ರ ಯಾರದೋ ಬೀರುವಿನಲ್ಲಿ.

ಇದರ ಜೊತೆಗೇ ಇನ್ನೊಂದು ಮಾತು ಚಿತ್ರೋದ್ಯಮದಲ್ಲಿ ವರ್ಷವಿಡೀ ಕೇಳಿಸುತ್ತದೆ: ಕನ್ನಡದಲ್ಲಿ ಒಳ್ಳೆಯ ಬರಹಗಾರರಿಲ್ಲ. ಬಿತ್ತನೆ ಬೀಜವನ್ನು ಅಟ್ಟದ ಮೇಲೆ ಬಚ್ಚಿಟ್ಟುಕೊಂಡು ಬೆಳೆ ಬರಲಿಲ್ಲ ಎಂದು ಅಳುವುದು ಎಂದರೆ ಇದೇ.

ಹೈದರಾಬಾದಿನಲ್ಲೋ ಪುಣೆಯಲ್ಲೋ ಹಗಲು ಸಾಫ್ಟ್‌ವೇರ್ ಕೆಲಸ ಮಾಡಿ, ರಾತ್ರಿ ಚಿತ್ರಕಥೆ ಬರೆಯಲು ಕೂರುವ ಕನ್ನಡದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಅಂಥವರು ಸಾಕಷ್ಟಿದ್ದಾರೆ. ಗಾಂಧಿನಗರದ ಹುಡುಗನಾದರೆ ಯಾರೋ ನಿರ್ದೇಶಕರ ಬಳಿ ಸಹಾಯಕನಾಗಿ ಸೇರಿ, ಕ್ಲಾಪ್ ಬೋರ್ಡ್ ಹಿಡಿದು, ಸೀನ್ ಪೇಪರ್ ನಕಲು ಮಾಡುತ್ತಾ ಮಾಡುತ್ತಾ ಕಸುಬು ಕಲಿಯುತ್ತಾನೆ. ಇವಳಿಗೆ ಆ ದಾರಿ ಇಲ್ಲ. ಇವಳ ಗುರುಕುಲ ಇರುವುದು ಇಂಟರ್‌ನೆಟ್ಟಿನಲ್ಲಿ. ಅಲ್ಲಿ ಏನು ಸಿಗುತ್ತದೆ?

ಇಂಗ್ಲಿಷಿನಲ್ಲಿ ಸಿಗದಿರುವುದೇ ಇಲ್ಲ. ಐಎಂಎಸ್‌ಡಿಬಿಯಲ್ಲಿ ಹಾಲಿವುಡ್‌ನ ಚಿತ್ರಕಥೆಗಳ ರಾಶಿಯೇ ಇದೆ, ಕಾಸು ಕೊಡಬೇಕಿಲ್ಲ. ಬಿಬಿಸಿ ತನ್ನ ನಾಟಕ, ಧಾರಾವಾಹಿಗಳ ಸ್ಕ್ರಿಪ್ಟ್‌ಗಳನ್ನು ತಾನೇ ಹಾಕುತ್ತದೆ. ಆಸ್ಕರ್ ಕಾಲ ಬಂತೆಂದರೆ ಅಮೆರಿಕದ ಸ್ಟುಡಿಯೋಗಳು ಆ ವರ್ಷದ ಚಿತ್ರಕಥೆಗಳನ್ನು ಪಿಡಿಎಫ್ ಮಾಡಿ ಹಂಚುತ್ತವೆ. ‘ಬಿಗ್ ಫಿಶ್’ ಬರೆದ ಜಾನ್ ಆಗಸ್ಟ್ ತನ್ನ ಸ್ಕ್ರಿಪ್ಟ್‌ಗಳನ್ನು ತನ್ನದೇ ತಾಣದಲ್ಲಿ ಓದಲು ಇಟ್ಟಿದ್ದಾನೆ. 2011ರಿಂದ ‘ಸ್ಕ್ರಿಪ್ಟ್‌ನೋಟ್ಸ್’ ಎಂಬ ಪಾಡ್‌ಕಾಸ್ಟಿನಲ್ಲಿ ಕ್ರೇಗ್ ಮೇಜಿನ್ ಜೊತೆ ಕೂತು ಕಸುಬಿನ ಒಳಗುಟ್ಟುಗಳನ್ನೆಲ್ಲ ಹರಟುತ್ತಾ ಬಂದಿದ್ದಾನೆ. ಕೊರಿಯನ್ ಭಾಷೆಯ ‘ಪ್ಯಾರಸೈಟ್’ ಕೂಡ ಇಂಗ್ಲಿಷಿಗೆ ಬಂದು ಹೀಗೇ ಓದಲು ಸಿಕ್ಕಿತು. ಅಂದರೆ ಮೈಸೂರಿನ ಹುಡುಗಿ ಸಿಯೋಲ್‌ನ ನೆಲಮಾಳಿಗೆಯ ಮನೆ ಹಾಳೆಯ ಮೇಲೆ ಹೇಗಿತ್ತೆಂದು ಓದಬಲ್ಲಳು. ಮಂಡ್ಯದ ಜಗಲಿ ಹೇಗಿತ್ತೆಂದು ಓದಲಾರಳು.

ಇದರಿಂದ ಆಗುವ ಹಾನಿ ಸಣ್ಣದಲ್ಲ. ಸಿಡ್ ಫೀಲ್ಡ್ 1979ರಲ್ಲಿ ಮೂರು ಅಂಕಗಳ ಲೆಕ್ಕ ಹೇಳಿದ. 2005ರಲ್ಲಿ ಬ್ಲೇಕ್ ಸ್ನೈಡರ್ ಯಾವ ಪುಟದಲ್ಲಿ ಏನಾಗಬೇಕೆಂದು ಪಂಚಾಂಗ ಬರೆದಂತೆ ಬರೆದುಕೊಟ್ಟ. ಅಮೆರಿಕದ ಹುಡುಗನಿಗೆ ಅದು ಅಪಾಯವಲ್ಲ, ಏಕೆಂದರೆ ಆ ಲೆಕ್ಕವನ್ನು ಮುರಿದ ನೂರಾರು ಸ್ಕ್ರಿಪ್ಟ್‌ಗಳೂ ಅವನ ಪಕ್ಕದಲ್ಲೇ ಇವೆ. ಕನ್ನಡದವಳಿಗೆ ಸಿಕ್ಕುವುದು ಸೂತ್ರ ಮಾತ್ರ, ಸೂತ್ರ ಮುರಿದ ತನ್ನ ಭಾಷೆಯ ಉದಾಹರಣೆಗಳಲ್ಲ. ಹೀಗಾಗಿ ಅಜ್ಜಿಯ ಊರಿನ ಕಥೆಯನ್ನೂ ಹನ್ನೆರಡನೇ ಪುಟಕ್ಕೆ ಒಂದು ತಿರುವು ಬೇಕೆಂದು ಎಳೆದಾಡುತ್ತಾಳೆ. ಸಂಭಾಷಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾಳೆ. ಒಂದು ಪುಟವೆಂದರೆ ಒಂದು ನಿಮಿಷ ಎಂಬ ಮಾತನ್ನು ವೇದವಾಕ್ಯವೆಂದು ನಂಬುತ್ತಾಳೆ. ಆ ಲೆಕ್ಕ ಹುಟ್ಟಿದ್ದು ಹನ್ನೆರಡು ಪಾಯಿಂಟಿನ ಕೊರಿಯರ್ ಅಕ್ಷರಕ್ಕೆ, ಒತ್ತಕ್ಷರವಿಲ್ಲದ ಲಿಪಿಗೆ. ಕನ್ನಡದ ಪುಟಕ್ಕೆ ಅದನ್ನು ಹಾಗೇ ಹೊಂದಿಸಲು ಬರುವುದಿಲ್ಲ. (ಬರೆಯುವ ಸಾಧನದ ಕೊರತೆ ಈಗ ಇಲ್ಲ, ಅದನ್ನು ನೆಪ ಮಾಡುವ ಹಾಗಿಲ್ಲ. ಬೆಂಗಳೂರಿನವರೇ ರೂಪಿಸಿದ ‘ಸ್ಕ್ರೈಟ್’ ತಂತ್ರಾಂಶದಲ್ಲಿ ಕನ್ನಡದಲ್ಲೇ ಚಿತ್ರಕಥೆ ಬರೆಯಬಹುದು.)

‘ತಿಥಿ’ಯನ್ನೇ ನೋಡಿ. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಗೆದ್ದ ಚಿತ್ರ. ರಾಮ್ ರೆಡ್ಡಿ ಮತ್ತು ಈರೇಗೌಡ ಸೇರಿ ಬರೆದದ್ದು. ತೆರೆಯ ಮೇಲೆ ಇರುವವರು ಹಳ್ಳಿಯ ಜನ, ನಟರಲ್ಲ. ಸೆಂಚುರಿ ಗೌಡನ ಬೈಗುಳದಲ್ಲಿ ಬರೆದದ್ದೆಷ್ಟು, ಆ ಮುದುಕನ ಬಾಯಲ್ಲೇ ಇದ್ದದ್ದೆಷ್ಟು? ಗಡ್ಡಪ್ಪ ಸುಮ್ಮನೆ ನಡೆಯುವ ಹೊತ್ತನ್ನು ಹಾಳೆಯ ಮೇಲೆ ಹೇಗೆ ಗುರುತು ಹಾಕಿದ್ದರು? ಮಂಡ್ಯದ ಮಾತನ್ನು ಹಾಗೇ ಬರೆದರೋ, ಪುಸ್ತಕದ ಕನ್ನಡದಲ್ಲಿ ಬರೆದು ಹೇಳುವವರಿಗೆ ಬಿಟ್ಟರೋ? ‘ಒಂದು ಮೊಟ್ಟೆಯ ಕಥೆ’ಯ ಮಂಗಳೂರು ಕನ್ನಡಕ್ಕೂ ಇದೇ ಪ್ರಶ್ನೆ. ಯಾವ ಅಮೆರಿಕನ್ ಪುಸ್ತಕವೂ ಇದಕ್ಕೆ ಉತ್ತರ ಹೇಳುವುದಿಲ್ಲ. ಉತ್ತರ ಇರುವುದು ಆ ಚಿತ್ರಗಳ ಸ್ಕ್ರಿಪ್ಟಿನಲ್ಲಿ ಮಾತ್ರ.

ಯೂಟ್ಯೂಬಿನಲ್ಲಿ ಕನ್ನಡ ಸಂದರ್ಶನಗಳು ಗಂಟೆಗಟ್ಟಲೆ ಇವೆಯಲ್ಲ ಎನ್ನಬಹುದು. ಇವೆ. ಅಣ್ಣಾವ್ರು ಸೆಟ್ಟಿನಲ್ಲಿ ಏನು ಊಟ ಮಾಡುತ್ತಿದ್ದರು ಎಂಬುದು ಅಲ್ಲಿ ತಿಳಿಯುತ್ತದೆ. ಎರಡನೇ ಕರಡಿನಲ್ಲಿದ್ದ ದೃಶ್ಯವನ್ನು ಮೂರನೆಯದರಲ್ಲಿ ಏಕೆ ತೆಗೆದರು ಎಂಬುದು ತಿಳಿಯುವುದು ತೀರಾ ಅಪರೂಪ.

ಪಕ್ಕದ ಕೇರಳದಲ್ಲಿ ‘ತಿರಕ್ಕಥ’ ಎಂಬುದು ಪುಸ್ತಕದಂಗಡಿಯ ಒಂದು ಸಾಲು. ಎಂ.ಟಿ. ವಾಸುದೇವನ್ ನಾಯರ್, ಪದ್ಮರಾಜನ್ ಅವರ ಚಿತ್ರಕಥೆಗಳನ್ನು ಅಲ್ಲಿನ ಜನ ಕಾದಂಬರಿ ಓದಿದಂತೆ ಓದುತ್ತಾರೆ. ಬಂಗಾಳದಲ್ಲಿ ಸತ್ಯಜಿತ್ ರಾಯ್ ಅವರ ಚಿತ್ರಕಥೆಗಳು ‘ಏಕ್ಷಣ್’ ಎಂಬ ಸಾಹಿತ್ಯ ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಮಲಯಾಳಂ ಚಿತ್ರಗಳ ಬರವಣಿಗೆಯನ್ನು ಹೊಗಳುವ ಕನ್ನಡ ಪ್ರೇಕ್ಷಕರು ಒಂದನ್ನು ಮರೆಯುತ್ತಾರೆ: ಆ ಬರವಣಿಗೆ ಮಳೆಯಿಂದಲೋ ತೆಂಗಿನ ನೀರಿನಿಂದಲೋ ಬಂದದ್ದಲ್ಲ. ಅಲ್ಲಿ ಬರೆಯಲು ಬರುವವನಿಗೆ ಓದಲು ಸರಕಿದೆ. ಕನ್ನಡದಲ್ಲೂ ಚಿತ್ರಕಥೆಗಳು ಅಚ್ಚಾಗಿಲ್ಲವೆಂದಲ್ಲ, ಕೆಲವು ಬಂದಿವೆ. ಆದರೆ ಚೆನ್ನೈನಲ್ಲಿ ಕೂತವನ ಕೈಗೆ ಅವು ಸುಲಭವಾಗಿ ಸಿಗುವುದಿಲ್ಲ.

ಕದಿಯುತ್ತಾರೆ ಎಂಬ ಹೆದರಿಕೆ ನಿರ್ಮಾಪಕರದು. ಬಿಡುಗಡೆಗೆ ಮುಂಚೆ ಈ ಹೆದರಿಕೆ ಸರಿಯೇ. ಅದಕ್ಕೆ ದಾರಿಯೂ ಇದೆ; ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನಲ್ಲಿ ಸದಸ್ಯರು ಆನ್‌ಲೈನಿನಲ್ಲೇ ಸ್ಕ್ರಿಪ್ಟ್ ನೋಂದಾಯಿಸಬಹುದು. ಆದರೆ ಬಿಡುಗಡೆಯಾಗಿ, ಓಟಿಟಿಗೂ ಬಂದು, ಟೀವಿಯಲ್ಲೂ ಓಡಿದ ಮೇಲೆ ಕದಿಯಲು ಉಳಿದದ್ದೇನು? ಇಡೀ ಸಿನಿಮಾವೇ ಟೆಲಿಗ್ರಾಮಿನಲ್ಲಿ ಬಿದ್ದಿರುವಾಗ ಅದರ ಕಾಗದಕ್ಕೆ ಕಾವಲೇಕೆ? ನಿಜವಾದ ಸಂಕೋಚ ಬೇರೆಯದಿರಬಹುದು. ಎಷ್ಟೋ ಚಿತ್ರಗಳಿಗೆ ಪೂರ್ಣ ಸ್ಕ್ರಿಪ್ಟೇ ಇರುವುದಿಲ್ಲ. ಕಥೆ ಬಾಯಲ್ಲಿ ಹೇಳಿ ಒಪ್ಪಿಸಿದ್ದು, ಮಾತು ಬೆಳಿಗ್ಗೆ ಸೆಟ್ಟಿನಲ್ಲಿ ಬರೆದದ್ದು. ಬಾಯಿಮಾತಿನ ಆ ಪದ್ಧತಿಗೂ ಅದರ ಸೊಗಸಿದೆ, ಕಂಪನಿ ನಾಟಕದಿಂದ ಬಂದ ಬಳುವಳಿ ಅದು. ಆದರೆ ಅದಕ್ಕೆ ಚಿತ್ರಕಥೆಯ ಪ್ರಶಸ್ತಿ ಕೊಡುವಾಗ ಕಾಗದ ಕೇಳುವುದು ತಪ್ಪಲ್ಲ.

ಹಿಂದೆ ಟಾಕೀಸಿನ ಬಾಗಿಲಲ್ಲಿ ಕೆಲವು ಪೈಸೆಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ಅರ್ಧ ಕಥೆ ಹೇಳಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಮುಗಿಸುತ್ತಿದ್ದರು. ಅಷ್ಟು ಔದಾರ್ಯವೂ ಈಗಿಲ್ಲ. ಆ ಹಾಡಿನ ಪುಸ್ತಕಗಳನ್ನೂ ಹಳೆಯ ಸ್ಕ್ರಿಪ್ಟ್‌ಗಳನ್ನೂ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಕೂಡಿಡುತ್ತಾ ಬಂದಿದೆ. ಪುಣೆಯ ಕನ್ನಡಿಗರು ಒಂದು ದಿನ ಹೋಗಿ ವಿಚಾರಿಸಬಾರದೇಕೆ? ಗಿರೀಶ ಕಾಸರವಳ್ಳಿ ಕಲಿತದ್ದು ಅದೇ ಊರಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ಅವರ ‘ಘಟಶ್ರಾದ್ಧ’ (1977) ಹೊಸದಾಗಿ ಸಂಸ್ಕರಣಗೊಂಡು 2024ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನಗೊಂಡಿತು. ರೀಲಿನ ಗೀರುಗಳನ್ನು ಒಂದೊಂದಾಗಿ ಅಳಿಸಲು ಹೊರಗಿನವರು ಕೈಜೋಡಿಸಿದರು. ಕರ್ನಾಟಕ ಚಲನಚಿತ್ರ ಅಕಾಡೆಮಿಗೆ ಅಷ್ಟು ಖರ್ಚೂ ಇಲ್ಲ: ರಾಜ್ಯ ಪ್ರಶಸ್ತಿ ಅಥವಾ ಸಹಾಯಧನ ಪಡೆದ ಚಿತ್ರದ ಸ್ಕ್ರಿಪ್ಟನ್ನು ಒಂದು ವರ್ಷದ ಬಳಿಕ ಅಂತರ್ಜಾಲದಲ್ಲಿ ಹಾಕಬೇಕು ಎಂಬ ಒಂದು ಸಾಲಿನ ನಿಯಮ, ಒಂದು ಸ್ಕ್ಯಾನರ್.

ಅದು ಆಗುವವರೆಗೆ ಹುಡುಗಿ ಸುಮ್ಮನೆ ಕೂರಬೇಕಾಗಿಲ್ಲ. ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆ ಓದಿ, ಹುಡುಗನ ಕಣ್ಣಿಗೆ ಬಿದ್ದದ್ದು ಕ್ಯಾಮೆರಾದ ಕಣ್ಣಿಗೆ ಬರುವಾಗ ಏನು ಬಿಟ್ಟುಹೋಯಿತೆಂದು ಗುರುತು ಹಾಕಬಹುದು. ತ್ರಿವೇಣಿಯವರ ‘ಶರಪಂಜರ’ವನ್ನೂ ಪುಟ್ಟಣ್ಣನವರ 1971ರ ಚಿತ್ರವನ್ನೂ ಅಕ್ಕಪಕ್ಕ ಇಟ್ಟುಕೊಳ್ಳಬಹುದು. ‘ತಿಥಿ’ ಹಾಕಿಕೊಂಡು, ಐದು ಸೆಕೆಂಡಿಗೊಮ್ಮೆ ನಿಲ್ಲಿಸಿ, ದಾರಿಹೋಕರನ್ನೆಲ್ಲ ಬೈಯುತ್ತಾ ಕೂತ ಮುದುಕನ ಒಂದೊಂದು ಮಾತನ್ನೂ ಅವನು ಆಡಿದ ಹಾಗೆಯೇ, ಕನ್ನಡ ಅಕ್ಷರದಲ್ಲಿ, ನೋಟ್‌ಬುಕ್ಕಿಗೆ ಇಳಿಸಬಹುದು. ಮೊದಲ ಹತ್ತು ನಿಮಿಷಕ್ಕೆ ಒಂದು ವಾರ ಹಿಡಿಯುತ್ತದೆ.