ಹಳೇ ನೆಲ ಕೀಳಬೇಕೆ, ಮೇಲೆಯೇ ಟೈಲ್ಸ್ ಹಾಸಬೇಕೆ?

ಹಳೆಯ ಮನೆಗಳ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಕಾಣುವುದು ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್ ನೆಲ. ಅಲ್ಲಿ ವಿಟ್ರಿಫೈಡ್ ಟೈಲ್ಸ್ ಹಾಕಿಸಲು ಹೊರಟಾಗ ಗಾರೆಯವರಲ್ಲೇ ಎರಡು ಮತ.

ಕೀಳಲೇಬೇಕು ಎನ್ನುವವರ ವಾದ ಗಟ್ಟಿಯಾದದ್ದೇ. ಅಡುಗೆಮನೆಯ ನೆಲ ವರ್ಷಗಟ್ಟಲೆ ಎಣ್ಣೆಜಿಡ್ಡು ಕುಡಿದಿರುತ್ತದೆ. ರೆಡ್ ಆಕ್ಸೈಡಿಗೆ ಮೇಣದ ಪಾಲಿಶ್ ಬೇರೆ. ಆ ನುಣುಪಿನ ಮೇಲೆ ಅಂಟು ಕಚ್ಚುವುದು ಕಷ್ಟ. ನೆಲದಡಿಯ ಮಣ್ಣು ಕುಸಿದಿದ್ದರೆ ಹಳೆಯ ಬಿರುಕು ಹೊಸ ಟೈಲ್ಸಿಗೂ ಹತ್ತುತ್ತದೆ. ತುಕ್ಕು ಹಿಡಿದ ಜಿಐ ಪೈಪು ಬದಲಿಸಲು, ನಾನಿ ಟ್ರ್ಯಾಪ್ ಕಡೆಗೆ ವಾಟ ಕೊಡಲು ಇಂಥ ಸಮಯ ಮತ್ತೆ ಸಿಗುವುದಿಲ್ಲ.

ಆದರೆ ಒಡೆಯುವುದೂ ನಿರಪಾಯವಲ್ಲ. ನೆಲದೊಳಗಿನ ವೈರಿಂಗ್ ಪೈಪಿಗೆ ಉಳಿ ತಗುಲಬಹುದು. ಮಹಡಿಯ ಮನೆಯಾದರೆ ಪೆಟ್ಟು ಕೆಳಮನೆಯ ಸೀಲಿಂಗಿಗೂ ಕೇಳುತ್ತದೆ. ಧೂಳು, ಡೆಬ್ರಿಸ್ ಸಾಗಿಸುವ ಖರ್ಚು ಯಾರೂ ಮೊದಲೇ ಹೇಳುವುದಿಲ್ಲ. ಅಂಟಿನಿಂದ ಮೇಲೆಯೇ ಹಾಸಿದರೆ ಚದರ ಮೀಟರಿಗೆ ಹೆಚ್ಚುವ ಭಾರ ಸುಮಾರು 30 ಕೆ.ಜಿ.; ಗಟ್ಟಿ ಸ್ಲ್ಯಾಬಿಗೆ ಅದು ಸಾಮಾನ್ಯವಾಗಿ ಹೊರೆಯಲ್ಲ.

ಇದಕ್ಕೂ ಪ್ರತಿವಾದವಿದೆ. ನೆಲ ಅರ್ಧ ಇಂಚಿನಷ್ಟು ಏರಿದರೆ ಬಾಗಿಲು ಕೆಳಗೆ ಉಜ್ಜುತ್ತದೆ, ಸ್ಲ್ಯಾಬಿನಡಿ ಅಳತೆಗೆ ಕೂರಿಸಿದ್ದ ಡಿಶ್‌ವಾಷರ್ ಮತ್ತೆ ಒಳಹೋಗುವುದಿಲ್ಲ, ಚೆಲ್ಲಿದ ನೀರು ಹಾಲಿಗೆ ಹರಿಯುತ್ತದೆ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ಶೇ. 0.5ಕ್ಕಿಂತ ಕಡಿಮೆ, ಬರೀ ಸಿಮೆಂಟ್ ಹಾಲನ್ನು ಅದು ಸರಿಯಾಗಿ ಹಿಡಿಯದು. ಒಳ್ಳೆಯ ಅಂಟು ಬೇಕು, ಅದು ದುಬಾರಿ. ಉಳಿಸಲೆಂದು ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಮುದ್ದೆ ಇಟ್ಟು ಒತ್ತುವ ರೂಢಿಯಿದೆ. ನಡುವೆ ಟೊಳ್ಳು ಉಳಿಯುತ್ತದೆ. ಅಲ್ಲಿಗೇ ಕುಕ್ಕರ್ ಬಿದ್ದರೆ ಟೈಲ್ಸ್ ಸೀಳುತ್ತದೆ. ಈ ತಪ್ಪನ್ನು ಪದ್ಧತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ, ನಿಜ.

ಹಾಗಾಗಿ ನಾಣ್ಯದಿಂದ ನೆಲವನ್ನು ಅಡಿ ಅಡಿಗೂ ತಟ್ಟಿ ನೋಡಿ ನಿರ್ಧರಿಸುವುದು ಹೆಚ್ಚು ಸಮಂಜಸವೆನಿಸುತ್ತದೆ. ಟೊಳ್ಳು ಸದ್ದು ಬಹುಪಾಲು ಬಂದರೆ, ಅಥವಾ ಪೈಪು ಸೋರುತ್ತಿದ್ದರೆ, ಕೀಳುವುದೇ ಲೇಸು. ಅಲ್ಲಲ್ಲಿ ಮಾತ್ರವಾದರೆ ಆ ಭಾಗ ಕಿತ್ತು ಗಾರೆ ತುಂಬಿ ಕ್ಯೂರಿಂಗ್ ಮುಗಿಸಿ, ಉಳಿದದ್ದನ್ನು ಮೇಣ ಹೋಗುವ ತನಕ ಗ್ರೈಂಡರಿನಿಂದ ಉಜ್ಜಿ, ಮಟ್ಟಗೋಲಿಟ್ಟು ನೋಡಿ, ಮೇಲೆ ಅಂಟಿಸಬಹುದು. ಬಾಗಿಲಿನ ಎತ್ತರ ಒಪ್ಪಬೇಕಷ್ಟೆ. ಚದರಡಿ ರೇಟಿನಲ್ಲಿ ಈ ಉಜ್ಜುವ ಕೆಲಸ ಎಷ್ಟೋ ವೇಳೆ ಸೇರಿರುವುದಿಲ್ಲ. ಮುಂಗಡ ಕೊಡುವ ಮೊದಲೇ ಮಾತಾಡಿಕೊಳ್ಳಿ.