ಯಾತ್ರೆಯಲ್ಲಿ ಬಿಡಾರದ ವಿಚಾರ



ಕಳೆದ ಮಾಸದಲ್ಲಿ ಚೌಳಹಿರಿಯೂರಿನ ಮನೆತನವೊಂದರ ಯಜಮಾನರು ನಮ್ಮಲ್ಲಿಗೆ ಬಂದು ತಮ್ಮ ಸಂಕಟವನ್ನು ಅರಿಕೆ ಮಾಡಿಕೊಂಡರು. ಎಂಬತ್ತು ದಾಟಿದ ಅವರ ತಾಯಿಯವರಿಗೆ ಕೂಡಲಸಂಗಮವನ್ನು ಕಾಣಬೇಕೆಂಬ ಆಸೆ ಬಹುಕಾಲದ್ದು. ರಾಗಿಯ ಒಕ್ಕಣೆ ಮುಗಿದ ಮೇಲೆ ಮಾಘಮಾಸದಲ್ಲಿ ಹೊರಡುವುದೆಂದು ನಿಶ್ಚಯವಾಗಿದೆ. ಆದರೆ ಇಳಿದುಕೊಳ್ಳುವುದು ಎಲ್ಲಿ ಎಂಬ ಮಾತಿನಲ್ಲಿ ಮನೆ ಎರಡಾಗಿದೆ. ಬೆಂಗಳೂರಿನಲ್ಲಿರುವ ಅಳಿಯಂದಿರು ಆ ಸೀಮೆಯ ದ್ರಾಕ್ಷಿತೋಟದ ನಡುವಿನ ಹೋಟೆಲೊಂದರ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, ಖರ್ಚೆಲ್ಲ ತಮ್ಮದೇ ಎಂದಿದ್ದಾರೆ. ಅಲ್ಲಿ ವೈನ್ ರುಚಿ ನೋಡುವ ಏರ್ಪಾಡೂ ಉಂಟಂತೆ.

“ಶಾಸ್ತ್ರಿಗಳೇ, ಸಂಗಮನಾಥನ ದರ್ಶನಕ್ಕೆ ಹೋಗಿ ಅಂಥ ಕಡೆ ಮಲಗುವುದೇ? ಅವ್ವನನ್ನು ಕರೆದುಕೊಂಡು ನಾವು ಯಾತ್ರಿನಿವಾಸದಲ್ಲಿ ಇರುತ್ತೇವೆ, ಮಗಳು ಅಳಿಯ ತಮಗೆ ಬೇಕಾದಲ್ಲಿ ಇರಲಿ. ಇದು ಸರಿಯಷ್ಟೆ?” ಎಂಬುದು ಯಜಮಾನರ ಪ್ರಶ್ನೆ.

ಮೊದಲು ಆ ಸೀಮೆಯ ಪರಿಚಯವನ್ನು ಮಾಡಿಕೊಳ್ಳೋಣ. ಕೃಷ್ಣಾ ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮವು ಬಾಗಲಕೋಟೆ ಜಿಲ್ಲೆಯಲ್ಲಿದೆ. ನಮ್ಮ ಕಡೆಯವರು ಚಿತ್ರದುರ್ಗ, ಹೊಸಪೇಟೆ, ಇಳಕಲ್ಲು, ಹುನಗುಂದದ ಮಾರ್ಗವಾಗಿ ಹೋಗಬಹುದು. ಬೀರೂರಿನಿಂದ ರೈಲು ಹಿಡಿದರೆ ಹುಬ್ಬಳ್ಳಿ, ಗದಗ, ಬಾಗಲಕೋಟೆಯ ಮೇಲೆ ಆಲಮಟ್ಟಿಯನ್ನು ಸೇರುವ ಹಳಿಯುಂಟು. ದ್ರಾಕ್ಷಿಯ ನಾಡಾದರೋ ಹೆಚ್ಚಾಗಿ ನದಿಯಿಂದ ಉತ್ತರಕ್ಕೆ, ವಿಜಯಪುರ, ತಿಕೋಟಾ ಕಡೆಗೆ ಹರಡಿಕೊಂಡಿದೆ. ಮೊಬೈಲಿನ ನಕಾಶೆಯಲ್ಲಿ ಸಂಗಮಕ್ಕೂ ವಿಜಯಪುರಕ್ಕೂ ಎರಡು ಬೆರಳಿನ ಅಂತರ. ರಸ್ತೆಯಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ. ತೋಟದ ನಡುವೆ ಬಿಡಾರ ಮಾಡಿದವರು ಪ್ರಾತಃಕಾಲದ ದರ್ಶನಕ್ಕೆ ನಡುರಾತ್ರಿ ಕಳೆಯುತ್ತಲೇ ಏಳಬೇಕಾಗುವುದು. ಈ ಒಂದು ಲೆಕ್ಕವನ್ನು ಮನೆಯಲ್ಲಿ ಯಾರೂ ಹಾಕಿರಲಿಲ್ಲ.

ಇನ್ನು ದ್ರಾಕ್ಷಿಯ ಮಾತು. 2007ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಹಾಗೂ ದ್ರಾಕ್ಷಾರಸ ನೀತಿಯನ್ನು ಹೊರಡಿಸಿತು. ಕೃಷ್ಣಾ ಕಣಿವೆಯನ್ನು ವೈನಿನ ಸೀಮೆಯೆಂದು ಕರೆಯುವ ರೂಢಿ ಬಂದಿದೆ. ಆದರೂ ವಿಜಯಪುರ ಭಾಗದ ದ್ರಾಕ್ಷಿಯಲ್ಲಿ ಬಹುಪಾಲು ತಿನ್ನುವ ಹಣ್ಣಾಗಿಯೂ ಒಣದ್ರಾಕ್ಷಿಯಾಗಿಯೂ ಹೋಗುತ್ತದೆ. ಅಲ್ಲಿನ ರೈತರು ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನ ಸುಮಾರಿಗೆ ಇನ್ನೊಮ್ಮೆ ಬಳ್ಳಿಯನ್ನು ಸವರಿ, ಬೇಸಿಗೆ ಬಲಿಯುವ ಮೊದಲು ಕೊಯ್ಲು ಮಾಡುವರು. ನೆರಳಿನ ಚಪ್ಪರದಡಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಎರಡು ವಾರದಷ್ಟು ಕಾಲ ಹಣ್ಣು ಒಣಗುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಒಣದ್ರಾಕ್ಷಿ. ನಮ್ಮ ದಾಸೋಹದ ಪಾಯಸಕ್ಕೆ ಬೀಳುವುದು ಆ ಕಾಯಕದ ಫಲವೇ. ಆದುದರಿಂದ ದ್ರಾಕ್ಷಿಯ ನಾಡನ್ನು ಕಂಡು ಮುಖ ತಿರುಗಿಸಬೇಕಾದುದಿಲ್ಲ. ಮದ್ಯ ಸಲ್ಲದು, ಬಳ್ಳಿ ಸಲ್ಲುತ್ತದೆ. ತೋಟವನ್ನು ಹಗಲಿನಲ್ಲಿ ನೋಡಿ ಬರಬಹುದು.

ಇಷ್ಟು ಹೇಳಿ, “ತಾಯಿಯವರನ್ನು ಕೇಳಿದಿರಾ?” ಎಂದೆವು.

“ಅವ್ವ ಎಲ್ಲಾದರೂ ಸರಿ ಅನ್ನುತ್ತಾಳೆ.”

ಆ ಮಾತು ನಮ್ಮನ್ನು ಚುಚ್ಚಿತು. ಹನ್ನೆರಡು ವರ್ಷಗಳ ಹಿಂದೆ ನಮ್ಮ ಅಕ್ಕನವರನ್ನು ಒಂದು ಕ್ಷೇತ್ರಕ್ಕೆ ಕರೆದೊಯ್ದಿದ್ದೆವು. ಮಠದಲ್ಲಿ ಓದಿ ಬೆಳೆದವರಿಗೆ ಹೋಟೆಲೇಕೆ ಎಂಬ ಅಭಿಮಾನ ನಮ್ಮದು. ಧರ್ಮಶಾಲೆಯ ಮಹಡಿಯಲ್ಲಿ ಸ್ಥಳ ದೊರೆಯಿತು. ಶೌಚಗೃಹ ಕೆಳಗೆ, ಅಂಗಳದ ಆಚೆಗೆ. “ಇಲ್ಲಿ ಸರಿಯೇ ಅಕ್ಕಾ?” ಎಂದು ಕೇಳಿದೆವು. “ಎಲ್ಲಾದರೂ ಸರಿ” ಎಂದರು. ಮರುದಿನ ದರ್ಶನದ ಸಾಲಿನಲ್ಲಿಯೇ ತಲೆಸುತ್ತಿ ಬಿದ್ದರು. ರಾತ್ರಿ ಮೆಟ್ಟಿಲಿಳಿಯಬೇಕಾದೀತೆಂಬ ಅಂಜಿಕೆಯಿಂದ ಅಕ್ಕ ಹಿಂದಿನ ಮಧ್ಯಾಹ್ನದಿಂದಲೇ ನೀರು ಕುಡಿದಿರಲಿಲ್ಲವೆಂಬುದು ವೈದ್ಯರು ಕೇಳಿದಾಗ ತಿಳಿಯಿತು. ದರ್ಶನವಾಗದೆ ಹಿಂತಿರುಗಿದೆವು. ಮತ್ತೊಮ್ಮೆ ಕರೆದೊಯ್ಯುವ ಯೋಗ ನಮಗೆ ಒದಗಲಿಲ್ಲ. ಅದರಲ್ಲಿ ಆ ಧರ್ಮಶಾಲೆಯ ತಪ್ಪೇನೂ ಇಲ್ಲ. ಸರಳತೆಯ ಹೆಸರಿನಲ್ಲಿ ನಾವು ಆರಿಸಿದ್ದು ನಮ್ಮ ಹೆಮ್ಮೆಗೆ ಒಪ್ಪುವ ಸ್ಥಳವನ್ನು, ಅಕ್ಕನ ಮೊಣಕಾಲಿಗೆ ಒಪ್ಪುವ ಸ್ಥಳವನ್ನಲ್ಲ.

ಆದುದರಿಂದ ಯಜಮಾನರಿಗೆ ನಾವು ಹೇಳಿದ್ದಿಷ್ಟು: ಹೋಟೆಲೋ ಯಾತ್ರಿನಿವಾಸವೋ ಎಂಬ ವಾದವನ್ನು ಬದಿಗಿಡಿ. ತಂಡದಲ್ಲಿ ಎಲ್ಲರಿಗಿಂತ ಅಶಕ್ತರು ಯಾರೋ ಅವರ ಕಣ್ಣಿನಿಂದ ನೋಡಿ. ಕೋಣೆ ನೆಲಮಟ್ಟದಲ್ಲಿದೆಯೇ? ಕುರ್ಚಿಯಂತೆ ಕೂರುವ ಕಮೋಡು ಕೋಣೆಯೊಳಗೇ ಇದೆಯೇ? ಇಷ್ಟಲಿಂಗಪೂಜೆಗೆ ಮೊದಲು ಸ್ನಾನಕ್ಕೆ ಬಿಸಿನೀರು ಬೆಳಗಿನ ಐದಕ್ಕೆ ಬರುವುದೋ, ಬಿಸಿಲೇರಿದ ಮೇಲೆಯೋ? ಅಡುಗೆ ಶುದ್ಧ ಸಸ್ಯಾಹಾರದ್ದೋ, ಒಂದೇ ಒಲೆಯ ಮೇಲೆ ಎರಡೂ ಬೇಯುವುವೋ? ಕಟ್ಟಡದಲ್ಲಿಯೇ ಬಾರ್ ಇದೆಯೇ, ರಾತ್ರಿ ಗದ್ದಲವೆಷ್ಟು? ಚಿತ್ರಗಳು ಇವನ್ನು ಹೇಳವು. ದೂರವಾಣಿ ಮಾಡಿ ಕೇಳಬೇಕು. ಮಕರ ಸಂಕ್ರಾಂತಿಯ ಸುಮಾರಿಗೆ ಸಂಗಮದಲ್ಲಿ ಶರಣಮೇಳದ ಜನಸಂದಣಿ. ಆ ದಿನಗಳಲ್ಲಿ ಸ್ಥಳ ಸಿಗುವುದು ಕಷ್ಟ, ವೃದ್ಧರಿಗೆ ತಿರುಗಾಟವೂ ಕಷ್ಟ.

ಇನ್ನೂ ಒಂದುಂಟು. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಸಂಗಮದವರೆಗೂ ನಿಲ್ಲುವುದರಿಂದ, ಬಸವಣ್ಣನವರ ಐಕ್ಯಮಂಟಪದ ಸುತ್ತ ಬಾವಿಯಂತೆ ಎತ್ತರದ ಗೋಡೆಯನ್ನು ಕಟ್ಟಿ ಅದನ್ನು ಉಳಿಸಿಕೊಂಡಿದ್ದಾರೆ. ದರ್ಶನಕ್ಕೆ ಮೆಟ್ಟಿಲುಗಳನ್ನು ಇಳಿಯಬೇಕು, ಮತ್ತೆ ಹತ್ತಬೇಕು. ತಾಯಿಯವರ ಕಾಲಿನ ಶಕ್ತಿಯನ್ನು ಆ ಮೆಟ್ಟಿಲುಗಳಿಗಾಗಿ ಉಳಿಸಿರಿ. ಬಿಡಾರದ ಮೆಟ್ಟಿಲುಗಳಿಗೆ ವ್ಯಯಿಸಬೇಡಿರಿ. ಮತ್ತು ದಯವಿಟ್ಟು ಎರಡು ಬಿಡಾರ ಮಾಡಬೇಡಿರಿ. ಅಜ್ಜಿಯನ್ನು ಒಂದು ಕಡೆ, ಮೊಮ್ಮಗಳನ್ನು ಒಂದು ಕಡೆ ಇಟ್ಟ ಮೇಲೆ ಅದು ಕುಟುಂಬದ ಯಾತ್ರೆ ಹೇಗಾದೀತು? ಅಳಿಯಂದಿರು ಖರ್ಚು ಮಾಡುತ್ತೇವೆಂದುದು ಪ್ರೀತಿಯಿಂದ. ಅದನ್ನು ಹೀಗಳೆಯದೆ, ಈ ಪ್ರಶ್ನೆಗಳನ್ನು ಕೇಳುವ ಭಾರವನ್ನು ಅವರಿಗೇ ಒಪ್ಪಿಸಿರಿ.

ನಾಲ್ಕು ದಿನಗಳ ಮೇಲೆ ಆ ಅಳಿಯಂದಿರೇ ನಮಗೆ ದೂರವಾಣಿ ಮಾಡಿದರು. ಅಜ್ಜಿಯನ್ನು “ಎಲ್ಲಿರೋಣ?” ಎಂದು ಕೇಳದೆ, “ಏನು ಕಷ್ಟವಾಗುತ್ತದೆ?” ಎಂದು ಕೇಳಿದರಂತೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಕಾಲು ಮಡಿಸಿ ಕೂರಲಾರೆ ಕಣಪ್ಪ, ಅಷ್ಟೇ ನನ್ನದು” ಎಂದರಂತೆ. ಮೂರು ಕಡೆ ವಿಚಾರಿಸಿ, ಸಂಗಮಕ್ಕೆ ಸಮೀಪದಲ್ಲಿಯೇ ನೆಲಮಟ್ಟದ ಎರಡು ಕೋಣೆಗಳನ್ನು ಗೊತ್ತುಮಾಡಿದ್ದಾರೆ. ಮರುದಿನ ದ್ರಾಕ್ಷಿತೋಟವನ್ನು ನೋಡಿಕೊಂಡು, ಮನೆಗೆ ಒಣದ್ರಾಕ್ಷಿಯನ್ನು ಕೊಂಡು ಹಿಂತಿರುಗುವರು.

ಯಾತ್ರೆಯ ಸಿದ್ಧತೆಯಲ್ಲಿರುವ ಮನೆಗಳವರು ಬುತ್ತಿ ಕಟ್ಟುವ ಮೊದಲು ನಿಮ್ಮ ಮನೆಯ ಹಿರಿಯರನ್ನು ಆ ಅಳಿಯಂದಿರು ಕೇಳಿದ ಪ್ರಶ್ನೆಯನ್ನೇ ಕೇಳಿರಿ. ಉತ್ತರ ಬರುವವರೆಗೆ ಕಾದು ಕುಳಿತಿರಿ.